ಸುಳ್ಳು ಮುಟ್ಟಿನ ತಿಂಗಳುಗಳು

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಮುಟ್ಟು ಗುಟ್ಟಿನ ವಿಷಯವಲ್ಲ. ಬ್ಯಾಡಗಿಯ ನಮ್ಮ ಓಣಿಯಲ್ಲಿ ಎಷ್ಟೋ ಮನೆಯವರು ಮುಟ್ಟಾದವಳನ್ನು ಬೇರೆ ಕೂಡಿಸುವ ಪದ್ಧತಿ ಬಿಟ್ಟು ಬಹಳ ಕಾಲವಾಯಿತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಿಟ್ಟಿಲ್ಲ. ಮುಟ್ಟಾದವಳನ್ನು ನಮ್ಮಲ್ಲಿ ಹೊರಗಾದಳು ಎನ್ನುತ್ತಾರೆ. ಹೊರಗಾದವಳು ಹಿತ್ತಿಲ ಕಡೆಯ ಪಡಸಾಲೆಯಲ್ಲಿ ಕೂಡಬೇಕು. ಅವಳ ಚಾಪೆ, ತಾಟು, ಚಹಾದ ಕಪ್ಪು ಎಲ್ಲ ಬೇರೆ. ತಲೆ ಮೇಲೆ ನೀರು ಹಾಕಿಕೊಂಡ ನಂತರವೇ ಒಳಗೆ ಪ್ರವೇಶ. ಹಾಲು ಹಾಕುವವಳು ಕೂಡ ಹಿತ್ತಿಲ ಬಾಗಿಲಿನಿಂದ ಇಣುಕಿ, "ಏನವಾ, ಹೊರಗಾಗೀಯೇನು?" ಎಂದು ವಿಚಾರಿಸಿ ಹೋಗುತ್ತಾಳೆ. ಅಪ್ಪ ಮಾತ್ರ ಕೆಮ್ಮುತ್ತ, ಗೋಡೆ ನೋಡುತ್ತ ದಾಟುತ್ತಾನೆ.

ಬೇರೆ ಮನೆಯ ಹುಡುಗಿಯರು ಮುಟ್ಟಾದದ್ದನ್ನು ಮುಚ್ಚಿಡುತ್ತಾರೆ. ನಾನು ಆಗದ್ದನ್ನು ಮುಚ್ಚಿಡಬೇಕಾಯಿತು. ಇದನ್ನು ಬರೆಯುವಾಗಲೂ ನನ್ನ ಕಿವಿಗಳು ಬಿಸಿಯಾಗುತ್ತಿವೆ. ನಾಚಿಕೆ ಹೋದ ಮೇಲೆ ಬರೆಯೋಣ ಎಂದು ಕಾದೆ, ಅದು ಹೋಗುವ ಲಕ್ಷಣ ಕಾಣಲಿಲ್ಲ. ಹಾಗಾಗಿ ನಾಚಿಕೆ ಪಡುತ್ತಲೇ ಬರೆಯುತ್ತಿದ್ದೇನೆ.

ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ಎಂದು ನೋಡುವುದು ನನ್ನ ಕೆಲಸ. ನನ್ನ ಕಾಯಿಲೆಗೂ ಈ ಕೆಲಸಕ್ಕೂ ಗಂಟು ಹಾಕಿ ಯಾರಾದರೂ ದೊಡ್ಡ ಮಾತಾಡಿದರೆ ನಾನು ಅಲ್ಲಿಂದ ಎದ್ದು ಹೋಗುತ್ತೇನೆ, ಈಗಲೇ ಹೇಳಿಬಿಡುತ್ತೇನೆ. ದಿನಾ ಬೆಳಿಗ್ಗೆ ಬ್ಯಾಡಗಿಯಿಂದ ಬಸ್ಸು ಹಿಡಿಯುವುದು, ಸಂಜೆ ಅದೇ ದಾರಿಯಲ್ಲಿ ನಿಂತುಕೊಂಡೇ ಬರುವುದು. ಮೊದಲ ಸಲ ಮುಟ್ಟು ತಪ್ಪಿದಾಗ ಈ ಓಡಾಟದ ಉಷ್ಣ ಎಂದುಕೊಂಡೆ. ಎರಡನೆಯ ಸಲ ತಪ್ಪಿದಾಗಲೂ ಅದನ್ನೇ ಅಂದುಕೊಂಡೆ, ಆದರೆ ಅಷ್ಟು ಗಟ್ಟಿಯಾಗಿ ಅಲ್ಲ.

ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಮೈ ಬಂತು. ರವಿಕೆಗಳ ಹೊಲಿಗೆ ಬಿಚ್ಚಿಸಿದ್ದಾಯಿತು. ಕುತ್ತಿಗೆಯ ಹಿಂದೆ ಕಪ್ಪು ಕಟ್ಟಿತು, ಅದನ್ನು ಕೊಳೆ ಎಂದು ತಿಳಿದು ಆಯಿ ಕಡಲೆಹಿಟ್ಟು ಹಚ್ಚಿ ಚರ್ಮ ಸುಲಿಯುವಂತೆ ತಿಕ್ಕಿದಳು. ಆಮೇಲೆ ಗದ್ದದ ಮೇಲೆ ಕೂದಲು ಬಂದವು. ಮೃದುವಾದ ಕೂದಲಲ್ಲ, ಗಂಡಸರಿಗೆ ಬರುವಂಥವು. ಕನ್ನಡಿಯಲ್ಲಿ ಮೊದಲ ಸಲ ನೋಡಿದಾಗ ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಿದೆಯೋ ಇಲ್ಲವೋ ಎಂದು ತಿರುಗಿ ನೋಡಿದೆ, ಏನೋ ಕದ್ದವಳ ಹಾಗೆ. ಬ್ಯಾಡಗಿಯ ಬ್ಯೂಟಿ ಪಾರ್ಲರಿಗೆ ಹೋಗುವ ಧೈರ್ಯವಿರಲಿಲ್ಲ, ಅಲ್ಲಿ ಎಲ್ಲರೂ ಪರಿಚಯದವರು. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಮೆಟ್ಟಿಲು ಹತ್ತಿ ಹೋಗುವ ಒಂದು ಸಣ್ಣ ಪಾರ್ಲರಿನಲ್ಲಿ ದಾರದಿಂದ ತೆಗೆಸಿಕೊಳ್ಳುತ್ತಿದ್ದೆ. ಆ ಪಾರ್ಲರಿನವಳು ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ನನಗೆ ಆ ಉಪಕಾರ ಸಣ್ಣದಲ್ಲ.

ಮೆಣಸಿನಕಾಯಿ ಸುಗ್ಗಿಯಲ್ಲಿ ಮಾತ್ರ ನಾನು ಆರಾಮಾಗಿದ್ದೆ. ಮಾರುಕಟ್ಟೆಗೆ ಚೀಲಗಳು ಬರತೊಡಗಿದರೆ ನಮ್ಮ ಊರೆಲ್ಲ ಘಾಟು. ಸೀನುತ್ತ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡುವುದು ಇಲ್ಲಿ ಎಲ್ಲರಿಗೂ ರೂಢಿ. ನಾನೂ ಓಢಣಿ ಕಟ್ಟಿಕೊಂಡೆ. ಸುಗ್ಗಿ ಮುಗಿದು ಎಲ್ಲರೂ ಬಿಚ್ಚಿದರು. ನಾನು ಬಿಚ್ಚಲಿಲ್ಲ. "ಇನ್ನೂ ಎಂಥಾ ಘಾಟಬೇ ನಿನಗ?" ಎಂದು ಅವ್ವ ರೇಗಿದರೆ, ಧೂಳು ಎಂದೆ.

ಒಂದು ಬೆಳಿಗ್ಗೆ ಆಯಿ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದವಳು ಕಪ್ಪು ಕೆಳಗಿಟ್ಟು ಕೇಳಿದಳು. "ಯಾಕಬೇ, ನೀ ಹೊರಗ ಕುಂತು ಭಾಳ ದಿನಾ ಆತಲ್ಲ?"

ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ನಿಂತಿತು. ಅವ್ವ ಹೊರಬಂದು ಬಾಗಿಲಲ್ಲಿ ನಿಂತಳು, ಕೈತುಂಬ ಹಿಟ್ಟು. ಅವಳು ನನ್ನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದಳು. ಒಬ್ಬ ಗಂಡಸಿನ ಜೊತೆ ನಾನು ಒಂಟಿಯಾಗಿ ಚಹಾ ಕೂಡ ಕುಡಿದವಳಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ಇವತ್ತ ನಾಳಿ ಆಗ್ತೇನಿ ಆಯಿ" ಎಂದು ಬಸ್ಸಿಗೆ ಓಡಿದೆ.

ಮರುದಿನ ಎದ್ದವಳೇ ಹಿತ್ತಿಲ ಬಾಗಿಲಲ್ಲಿ ನಿಂತು, "ಅವ್ವಾ, ಹೊರಗಾಗೇನಿ" ಎಂದೆ.

ಅವ್ವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಚಾಪೆ ತಾನೇ ಹಾಸಿದಳು. ಚಹಾ ತಾನೇ ತಂದು ದೂರದಿಂದ ಕಪ್ಪಿಗೆ ಸುರಿದಳು. ಅಷ್ಟು ಸಕ್ಕರೆ ಹಾಕಿದ ಚಹಾ ಅವಳು ನನಗೆ ಅದುವರೆಗೆ ಕೊಟ್ಟಿರಲಿಲ್ಲ. ನಾನು ಕುಡಿದೆ.

ಅಲ್ಲಿಂದ ಪ್ರತಿ ತಿಂಗಳೂ ನಾಟಕ. ಮೆಡಿಕಲ್ ಅಂಗಡಿಯಿಂದ ಪ್ಯಾಡು ತರುವುದು, ಸ್ವಚ್ಛವಾಗಿದ್ದ ಪ್ಯಾಡುಗಳನ್ನೇ ಮಡಿಸಿ ಪೇಪರಿನಲ್ಲಿ ಸುತ್ತಿ ಎಸೆಯುವುದು. ಹೊಟ್ಟೆ ಹಿಡಿದುಕೊಂಡು ಮುಲುಗುವುದು. ಬಿಸಿನೀರಿನ ಚೀಲ ಕೇಳುವುದು. ಥೂ, ಎಂಥ ಹೊಲಸು ಆಟ! ಒಂದು ಸಲ ಯುಗಾದಿಯೂ ಆ ದಿನಗಳಲ್ಲೇ ಬಂತು. ದಿನ ಬದಲಿಸಿದರೆ ಅನುಮಾನ ಬಂದೀತೆಂದು ಹಬ್ಬದ ದಿನವೂ ಹೊರಗೇ ಕೂತೆ. ಅವ್ವ ಬೇವು ಬೆಲ್ಲವನ್ನು ಮೇಲಿನಿಂದ ನನ್ನ ಅಂಗೈಗೆ ಹಾಕಿದಳು. ಮೈಗೆ ಏನೂ ಆಗದೆ, ಸುಮ್ಮನೆ ಮೈಲಿಗೆಯವಳಾಗಿ ಕೂತಿದ್ದೆ. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ಡಾಕ್ಟರ ಹತ್ತಿರ ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಮದುವೆಯಾಗದ ಹುಡುಗಿ ಹೆಂಗಸರ ದವಾಖಾನೆಯ ಮೆಟ್ಟಿಲು ಹತ್ತಿದರೆ, ಅವಳು ಇಳಿಯುವುದರೊಳಗೆ ಸುದ್ದಿ ಮನೆಗೆ ತಲುಪಿರುತ್ತದೆ. ಊರ ಬಾಯಿಗೆ ಮುಚ್ಚಳವಿಲ್ಲ. ಬಸ್ಸಿನಲ್ಲಿ ಮೊಬೈಲಿನ ಬೆಳಕು ತಗ್ಗಿಸಿ ಹುಡುಕಿ ನೋಡಿದ್ದೆ. ಮಕ್ಕಳಾಗುವುದು ಕಷ್ಟ ಎಂದು ಎಲ್ಲೋ ಬರೆದದ್ದು ಕಂಡಿತು. ಅಲ್ಲಿಗೆ ಮುಚ್ಚಿಟ್ಟೆ.

ಈ ನಡುವೆ ಸಂಬಂಧ ಬಂತು. ಹುಡುಗನ ಮನೆಯವರದು ರಾಣೆಬೆನ್ನೂರಿನಲ್ಲಿ ಬಟ್ಟೆ ಅಂಗಡಿ. ನೋಡಿಹೋದರು, ಒಪ್ಪಿದರು. ಹುಡುಗ ಮಾತು ಕಡಿಮೆ, ನಗು ಚೆನ್ನಾಗಿತ್ತು. ನನಗೆ ಮನಸ್ಸಿತ್ತು, ಸುಳ್ಳು ಯಾಕೆ ಹೇಳಲಿ. ನಿಶ್ಚಯಕ್ಕೆ ಶಾಸ್ತ್ರಿಗಳು ಕೆಲವು ದಿನಗಳನ್ನು ಸೂಚಿಸಿದರು. ಆಗ ಅವ್ವ, ಹೆಣ್ಣು ಹೆತ್ತ ಎಲ್ಲ ತಾಯಂದಿರು ಮಾಡುವ ಲೆಕ್ಕವನ್ನು ಬೆರಳ ಗೆಣ್ಣಿನ ಮೇಲೆ ಮಾಡತೊಡಗಿದಳು. ಹುಡುಗಿ ಯಾವಾಗ ಹೊರಗಾಗುತ್ತಾಳೆ, ಯಾವಾಗ ಒಳಗಿರುತ್ತಾಳೆ ಎಂಬುದನ್ನು ನೋಡದೆ ನಮ್ಮಲ್ಲಿ ಯಾವ ಶುಭಕಾರ್ಯಕ್ಕೂ ದಿನ ಹಿಡಿಯುವುದಿಲ್ಲ. ನನ್ನ ಸುಳ್ಳು ದಿನಗಳನ್ನೆಲ್ಲ ಕೂಡಿಸಿ ಕಳೆದು ಒಂದು ದಿನ ಆರಿಸಿದಳು.

"ಇದಾ ಇರ್ಲಿರಿ. ಅಷ್ಟರಾಗ ಇಕಿ ತಲಿ ಮ್ಯಾಲೆ ನೀರು ಹಾಕ್ಕೊಂಡು ಭಾಳ ದಿನಾ ಆಗಿರ್ತೈತಿ. ಏನೂ ತ್ರಾಸಿಲ್ಲ" ಎಂದು ಬೀಗರಿಗೆ ಫೋನಿನಲ್ಲಿ ಹೇಳಿದಳು.

ನಾನು ಪಕ್ಕದಲ್ಲೇ ಇದ್ದೆ. ತಿಂಗಳುಗಟ್ಟಲೆ ಬಾರದ್ದು ಅವತ್ತೇ ಬರುತ್ತದೆಯೇ ಎಂದು ಸುಮ್ಮನಾದೆ.

ನಿಶ್ಚಯ ಕದರಮಂಡಲಗಿಯಲ್ಲಿ, ಕಾಂತೇಶನ, ಅಂದರೆ ಹನುಮಪ್ಪನ, ಗುಡಿಗೆ ಹತ್ತಿರದ ಒಂದು ಮಂಟಪದಲ್ಲಿ. ಅಲ್ಲೇ ಆಗಬೇಕೆಂದು ಅವ್ವನ ಹಟ. ಹುಡುಗನ ತಾಯಿ ತಮ್ಮ ಅಂಗಡಿಯಿಂದಲೇ ತಂದ ತಿಳಿ ಹಳದಿ ರೇಷ್ಮೆ ಸೀರೆ ಉಡಿಸಿದರು. ನನ್ನನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಬೆಲ್ಲ, ಬಾಳೆಹಣ್ಣು ಎಲ್ಲ ಸೆರಗಿನಲ್ಲಿ ಭಾರವಾಗಿ ಕೂತವು. ಹೆಂಗಸರು ಆರತಿಗೆ ಸಿದ್ಧವಾಗುತ್ತಿದ್ದರು. ಆಗಲೇ ಕೆಳಗೆ ಬೆಚ್ಚಗಾಯಿತು. ಸ್ವಲ್ಪವಲ್ಲ, ಒಮ್ಮೆಲೇ.

ಏಳಬಾರದು ಎಂದು ನಿರ್ಧರಿಸಿದೆ. ಎಲ್ಲರೂ ಊಟಕ್ಕೆ ಹೋಗುವವರೆಗೆ ಹೀಗೇ ಕೂತಿರುತ್ತೇನೆ, ಆಮೇಲೆ ಅವ್ವನನ್ನು ಕರೆಯುತ್ತೇನೆ ಎಂದು.

"ಏಳವಾ, ಹಿರೇರಿಗೆ ನಮಸ್ಕಾರ ಮಾಡು" ಎಂದರು ಹುಡುಗನ ತಾಯಿ.

ನಾನು ಕೂತೇ ಇದ್ದೆ. ಅವರು ಮತ್ತೊಮ್ಮೆ ಹೇಳಿದರು. ಅವ್ವ ನಗುತ್ತಲೇ ನನ್ನ ತೋಳು ಚಿವುಟಿ, "ಏಳಬೇ, ಏನಿದು ನಿಂದು" ಎಂದು ಎಬ್ಬಿಸಿದಳು. ಸೆರಗಿನ ಅಕ್ಕಿ ಅರ್ಧ ಚೆಲ್ಲಿತು. ಮಣೆಯ ಮೇಲೆ ಏನಿತ್ತೋ ಅದನ್ನು ಎಲ್ಲರೂ ನೋಡಿದರು. ಹುಡುಗನ ಸೋದರತ್ತೆಯೊಬ್ಬರು, "ಅಯ್ಯ ಶಿವನ, ಹುಡುಗಿ ಹೊರಗಾಗ್ಯಾಳಲ್ರಿ!" ಎಂದು ಕೂಗಿ, ಕೂಗಿದ್ದಕ್ಕೆ ತಾವೇ ಬಾಯಿ ಮುಚ್ಚಿಕೊಂಡರು. ಹುಡುಗ ತಲೆ ತಗ್ಗಿಸಿದ. ಆಯಿ ಕಣ್ಣು ಮುಚ್ಚಿ ಗುಡಿಯ ಕಡೆ ಕೈ ಮುಗಿದಳು. ಯಾರೋ ನನ್ನ ಸೊಂಟಕ್ಕೆ ಶಾಲು ಸುತ್ತಿದರು. ಅವ್ವ ಟವೆಲ್ಲಿನಿಂದ ಮಣೆ ಒರೆಸುತ್ತ, "ದಿನಾ ಅಲ್ರಿ ಇದು, ಇದು ಆಕಿ ದಿನಾನಾ ಅಲ್ರಿ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ನಾನು ಅಲ್ಲೇ ಸತ್ತುಹೋಗಬೇಕೆಂದುಕೊಂಡೆ. ಹೀಗೆ ಹೇಳುವುದು ಸುಲಭ, ಆದರೆ ಅವತ್ತು ಅದು ನಿಜವಾದ ಆಸೆಯಾಗಿತ್ತು.

ಆರತಿ ನಿಂತಿತು. ಆಮೇಲೆ ನೋಡೋಣ ಎಂದು ಬೀಗರು ಊಟ ಮುಗಿಸಿ ಹೊರಟರು.

ರಕ್ತ ಮಾತ್ರ ನಿಲ್ಲಲಿಲ್ಲ. ಅವ್ವ ಜೀರಿಗೆ ನೀರು ಕೊಟ್ಟಳು, ಎಳನೀರು ಕೊಟ್ಟಳು, ತಂಪಿಗೆಂದು ಏನೇನೋ ಅರೆದು ಕುಡಿಸಿದಳು. ತಲೆ ಮೇಲೆ ನೀರು ಹಾಕಿಕೊಳ್ಳುವ ದಿನ ಬಂದು ಹೋಯಿತು. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದವಳು ಒಂದು ಮಧ್ಯಾಹ್ನ ಅಲ್ಲೇ ಕುಸಿದೆ. ಆಗ ಅವ್ವನಿಗೆ ಹೆದರಿಕೆ ಹತ್ತಿತು. ಅಪ್ಪ ಬ್ಯಾಡಗಿಯ ದವಾಖಾನೆಗೆ ಹೋಗೋಣ ಎಂದ.

"ಇಲ್ಲಿ ಬ್ಯಾಡ, ಊರೆಲ್ಲಾ ಡಂಗುರ ಆಗ್ತೈತಿ. ರಾಣೆಬೆನ್ನೂರು ಅವರ ಊರು. ಹಾವೇರಿಗೆ ಕರಕೊಂಡು ಹೋಗ್ತೇನಿ, ಅಲ್ಲಿ ನಮ್ಮನ್ನ ಕೇಳೋರಿಲ್ಲ" ಎಂದಳು ಅವ್ವ.

ಹಾವೇರಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅವ್ವ ನನ್ನನ್ನು ಕಲ್ಲುಬೆಂಚಿನ ಮೇಲೆ ಕೂಡಿಸಿ, ಬಗ್ಗಿ ತನ್ನ ಕಾಲಿನಿಂದ ಒಂದು ಜೋಡಿ ಕಾಲುಂಗುರ ಬಿಚ್ಚಿದಳು. ಅವಳು ಎರಡು ಜೋಡಿ ಹಾಕುತ್ತಾಳೆ. ಅತ್ತ ಇತ್ತ ನೋಡಿ ನನ್ನ ಬೆರಳಿಗೆ ತುರುಕಿದಳು. "ಸುಮ್ಮನ ಹಾಕ್ಕೋ. ಅಲ್ಲಿ ಕುಂತೋರು ನೋಡ್ತಾರ." ಕೊರಳು ಕಾಣದಂತೆ ಓಢಣಿಯನ್ನೂ ಎಳೆದು ಸರಿ ಮಾಡಿದಳು. ಮದುವೆ ಮುರಿಯುವ ಅಂಚಿನಲ್ಲಿದ್ದವಳನ್ನು ನನ್ನ ಅವ್ವ ಬಸ್‌ಸ್ಟ್ಯಾಂಡಿನಲ್ಲೇ ಮದುವೆಯಾದವಳನ್ನಾಗಿ ಮಾಡಿದಳು. ನಗು ಬಂತು, ನಕ್ಕರೆ ರಕ್ತ ಹೋಗುತ್ತದೆಂದು ನಗಲಿಲ್ಲ.

ದವಾಖಾನೆಯ ಪಡಸಾಲೆಯಲ್ಲಿ ಬಸುರಿಯರೇ ಬಸುರಿಯರು. ಸ್ಕ್ಯಾನಿಂಗಿಗೆಂದು ಬಾಟಲಿ ಬಾಟಲಿ ನೀರು ಕುಡಿದು ಕಾಲು ಒತ್ತಿಕೊಂಡು ಕೂತವರು. ಪಕ್ಕದ ಹೆಂಗಸು ನನ್ನ ಕಾಲು ನೋಡಿ, ಹೊಟ್ಟೆ ನೋಡಿ, "ಮೊದಲನೇದೇನವಾ?" ಎಂದು ಪ್ರೀತಿಯಿಂದ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವ್ವ "ಹೂಂ" ಎಂದಳು. ಆ ಹೆಂಗಸು ತನ್ನ ಚೀಲದಿಂದ ಒಂದು ಪೇರಲಹಣ್ಣು ತೆಗೆದು ನನ್ನ ಕೈಗಿಟ್ಟಳು, ಬಸುರಿಗೆ ಕೊಡುವಂತೆ. ಅದನ್ನು ಹಿಡಿದುಕೊಂಡು ಕೂತಿದ್ದೆ. ತಿನ್ನಲೂ ಆಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ.

ಡಾಕ್ಟರ್ ಮೇಡಂ ಅವ್ವನ ವಯಸ್ಸಿನವರು, ಮಾತು ನೇರ. "ಮದುವಿ ಆಗೇತೇನು?" ಎಂದರು. "ಇಲ್ರಿ" ಎಂದು ಅವ್ವ ಪಿಸುಗುಟ್ಟಿದಳು. ಮೇಡಂ ನನ್ನ ಕಾಲುಂಗುರ ನೋಡಿ, ನನ್ನ ಕಡೆ ತಿರುಗಿದರು. "ಈ ಸಲದ್ದು ಬಿಡು. ಅದಕ್ಕಿಂತ ಹಿಂದಿನ ಸಲ ಯಾವಾಗ ಆಗಿದ್ದಿ?"

ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವಳು ಅವ್ವ. "ಹ್ವಾದ ತಿಂಗಳ ಅಮಾಸಿ ಮರುದಿನಾರಿ. ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತಿರ್ತೈತ್ರಿ. ಇಕಿ ಒಂದು ದಿನಾ ಹಿಂದ ಮುಂದ ಆಗೋದಿಲ್ರಿ, ಗಡಿಯಾರ ಇದ್ದಂಗ." ಅವಳ ಧ್ವನಿಯಲ್ಲಿ ಹೆಮ್ಮೆ ಇತ್ತು. ನನ್ನ ಬಗ್ಗೆ ಅವಳಿಗೆ ಉಳಿದಿದ್ದ ಹೆಮ್ಮೆ ಅದೊಂದೇ.

ಮೇಡಂ ಬರೆದುಕೊಂಡರು. ಹುಬ್ಬು ಗಂಟಿಕ್ಕಿ, "ತಪ್ಪದಂಗ ಆಗೋ ಹುಡುಗಿಗೆ ಒಮ್ಮೆಲೇ ಹಿಂಗ ಯಾಕ ಆತು? ಹಂಗಾರ ಬ್ಯಾರೆ ಏನರೆ ಐತೇನು ಹುಡುಕಬೇಕಾಗ್ತೈತಿ" ಎಂದು ಮತ್ತೆ ಬರೆಯತೊಡಗಿದರು. ಇವರು ನನಗಿಲ್ಲದ ಯಾವುದೋ ರೋಗ ಹುಡುಕುತ್ತಾರೆ, ಇರುವುದು ಹಾಗೇ ಉಳಿಯುತ್ತದೆ, ನಾನು ಹೀಗೇ ಸೋರಿ ಸಾಯುತ್ತೇನೆ ಎನ್ನಿಸಿತು. ಅವ್ವನ ಮುಂದೆ ಹೇಳುವುದಕ್ಕಿಂತ ಅದೇ ವಾಸಿ ಎಂದೂ ಒಂದು ಗಳಿಗೆ ಅನ್ನಿಸಿತು.

"ಅದು ಸುಳ್ಳು ರೀ" ಎಂದೆ.

"ಯಾವುದು?"

"ಎಲ್ಲಾ. ಹೋದ ತಿಂಗಳೂ ಆಗಿಲ್ಲ, ಅದರ ಹಿಂದಿನ ತಿಂಗಳೂ ಆಗಿಲ್ಲ. ದೀಪಾವಳಿ ಆದಮ್ಯಾಲೆ ಒಮ್ಮೆನೂ ಆಗಿಲ್ರಿ. ಸುಳ್ಳಾ ಹೊರಗ ಕುಂದ್ರತಿದ್ದೆ."

ಅವ್ವ ನನ್ನ ಕಡೆ ತಿರುಗಲಿಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡಳು. ಮೇಡಂ ಬರೆದದ್ದನ್ನು ಹೊಡೆದು ಹಾಕಿ, "ಮಾರಿ ಮ್ಯಾಲಿನ ಬಟ್ಟಿ ಇಳಸು" ಎಂದರು. ಓಢಣಿ ಕೆಳಗೆ ಮಾಡಿದೆ. ನಿಶ್ಚಯದ ಮುಂಚೆ ಪಾರ್ಲರಿಗೆ ಹೋಗಿದ್ದೇ ಕೊನೆ, ಬಹಳ ದಿನಗಳಾಗಿದ್ದವು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನನ್ನ ಗದ್ದವನ್ನು ಅವ್ವ ಮೊದಲ ಸಲ ನೋಡಿದಳು. ರಕ್ತದ ಮಣೆಯನ್ನು ನೂರಾರು ಜನ ನೋಡಿದ್ದಕ್ಕಿಂತ ಆ ಒಂದು ನೋಟದಿಂದ ನನಗೆ ಹೆಚ್ಚು ನೋವಾಯಿತು.

ಮೂತ್ರ ಪರೀಕ್ಷೆ ಮಾಡಿಸಿದರು. ಅದು ಯಾವ ಪರೀಕ್ಷೆ ಎಂದು ಅವ್ವನಿಗೂ ಗೊತ್ತಿತ್ತು. ನರ್ಸ್ ಬಂದು ಇಲ್ಲ ಎಂದು ತಲೆಯಾಡಿಸುವವರೆಗೆ ಅವಳು ಉಸಿರು ಬಿಡಲಿಲ್ಲ. ಆಮೇಲೆ ರಕ್ತ ಪರೀಕ್ಷೆ, ಸ್ಕ್ಯಾನಿಂಗು. ಸ್ಕ್ಯಾನಿಂಗಿನ ಹುಡುಗಿ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುವ ಮುನ್ನ ಅದನ್ನು ತನ್ನ ಅಂಗೈಯಲ್ಲಿ ತುಸು ಬೆಚ್ಚಗೆ ಮಾಡಿಕೊಂಡಳು. ಅದಕ್ಕೂ ನನಗೆ ಅಳು ಬಂತು.

"ಪಿಸಿಒಡಿ ಅಂತಾರ, ಅಂಡಾಶಯದ ಜಡ್ಡು" ಎಂದರು ಮೇಡಂ, ಕಾಗದಗಳನ್ನೆಲ್ಲ ನೋಡಿದ ಮೇಲೆ. "ಹೆದರಬ್ಯಾಡ. ಇದು ಭಾಳ ಹುಡುಗ್ಯಾರಿಗೆ ಇರ್ತೈತಿ, ಯಾರೂ ಬಾಯಿ ಬಿಡೂದಿಲ್ಲ ಅಷ್ಟಾ. ಒಮ್ಮೆ ಗುಳಿಗಿ ನುಂಗಿದ್ರ ಹೋಗೋ ಜಡ್ಡಲ್ಲ. ಹತೋಟ್ಯಾಗ ಇಟ್ಕೊಂಡು ಬಾಳೋ ಜಡ್ಡು. ನೀ ಏನೂ ಮಾಡಿಲ್ಲ, ನಿನ್ನ ತಪ್ಪಲ್ಲ."

ಅವ್ವ ಮೇಜಿನ ಕಡೆ ಬಗ್ಗಿದಳು. "ಮಕ್ಕಳಾಗ್ತಾವೇನ್ರಿ ಮೇಡಮ್ಮಾರ?"

"ಆಗ್ತಾವ. ಕೆಲವರಿಗೆ ಔಷಧದ ಆಸರ ಬೇಕಾಗ್ತೈತಿ. ಆದ್ರ ಇನ್ನೂ ಹುಟ್ಟದ ಕೂಸಿನ ಚಿಂತಿ ಆಮ್ಯಾಲೆ. ಹುಟ್ಟಿದ್ದು ಮುಂದ ಕುಂತೈತಿ, ರಕ್ತ ಇಲ್ಲದ ಬೆಳ್ಳಗಾಗೈತಿ. ಮೊದಲ ಅದನ್ನ ನೋಡ್ರಿ."

ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಕೂತಳು.

"ನನಗ ಹೇಳಾಕ ಏನಾಗಿತ್ತು ನಿನಗ?" ಎಂದಳು ಊರು ಹತ್ತಿರ ಬಂದಾಗ.

"ನೀ ಅವತ್ತ ನನ್ನ ಹೊಟ್ಟಿ ನೋಡಿದಿ."

ಅವ್ವ ಸೆರಗಿನ ತುದಿ ತಿರುವುತ್ತ ಕೂತಳು. ಆಮೇಲೆ ಯಾರಿಗೂ ಕೇಳಿಸದಂತೆ ಹೇಳಿದಳು. "ನೀ ಹೊರಗ ಕುಂತ ದಿನಾ ನಾ ಕದರಮಂಡಲಗಿಗೆ ಹೋಗಿ ಕಾಯಿ ಒಡಿಸ್ಕೊಂಡು ಬಂದಿದ್ನೆವಾ. ನನ್ನ ಮಗಳ ಮಾನಾ ಉಳಿಸಿದಿ ಕಾಂತೇಶಪ್ಪಾ, ಅಕಿ ನಿಶ್ಚಯ ನಿನ್ನ ಮುಂದನ ಮಾಡ್ತೇನಿ ಅಂತ ಬೇಡ್ಕೊಂಡಿದ್ದೆ. ನಿನ್ನ ಮ್ಯಾಲೆ ಸಂಶಯ ಬಂದಿತ್ತು ನನಗ. ಹೆತ್ತಾಕಿಗೆ."

ಅವಳು ನನ್ನ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ನಾನು ಹೇಳಿದ ಸುಳ್ಳಿಗೆ ಅವಳು ದೇವರಿಗೆ ಕಾಯಿ ಒಡೆಸಿದ್ದಳು. ಇಬ್ಬರೂ ಅಳಲಿಲ್ಲ, ಬಸ್ಸಿನಲ್ಲಿ ಪರಿಚಯದವರಿದ್ದರು.

ಔಷಧ ಶುರುವಾಯಿತು. ರಕ್ತ ನಿಂತಿತು, ಆಮೇಲೆ ಗುಳಿಗೆಯ ಲೆಕ್ಕದಲ್ಲಿ ಬರತೊಡಗಿತು. ಒಂದು ಗುಳಿಗೆಗೆ ಹೊಟ್ಟೆ ತೊಳಸಿ ರಾಣೆಬೆನ್ನೂರಿನ ಬಸ್ಸಿನಲ್ಲಿ ವಾಂತಿ ಬರುವಂತಾಗಿ, ಕಂಡಕ್ಟರನ ಹಿಂದೆ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದೆ. ಬೆಳಿಗ್ಗೆ ನಡೆಯಲು ಹೇಳಿದ್ದರು, ನಡೆದೆ. ಮಂಡಕ್ಕಿ ಮಿರ್ಚಿ ಬಿಟ್ಟೆ, ಅದು ಮಾತ್ರ ದೊಡ್ಡ ದುಃಖ. ಮೈ ಸ್ವಲ್ಪ ಇಳಿಯಿತು, ಗದ್ದದ ಕೂದಲು ಹಟ ಬಿಡಲಿಲ್ಲ. ಆಯಿಗೆ ಅವ್ವ ಹೇಳಿದ್ದು ಇಷ್ಟೇ, ಉಷ್ಣ ಆಗಿತ್ತು ಎಂದು. ಮದುವೆಯಾದರೆ ಎಲ್ಲ ಸರಿ ಹೋಗುತ್ತದೆ ಎಂದು ಆಯಿ ಸಮಾಧಾನ ಹೇಳಿದಳು. ನಾಚಿಕೆ ಮಾತ್ರ ಯಾವ ಗುಳಿಗೆಗೂ ಇಳಿಯಲಿಲ್ಲ. ಓಢಣಿಯನ್ನು ಮತ್ತೆ ಮೇಲೆ ಕಟ್ಟಿಕೊಂಡೆ.

ಒಂದು ಭಾನುವಾರ ಹುಡುಗನ ತಾಯಿ ಬರುವ ಸುದ್ದಿ ಬಂತು. ಅವರೇ ಬರುತ್ತಾರೆಂ‌ದರೆ ಸಂಬಂಧ ಇನ್ನೂ ಉಳಿದಿದೆ ಎಂದು ಅವ್ವನ ಸಂಭ್ರಮ. ನನ್ನ ಗದ್ದವನ್ನು ತಾನೇ ಬೆಳಕಿಗೆ ಹಿಡಿದು ನೋಡಿ, ಪಾರ್ಲರಿಗೆ ಕಳಿಸಿದಳು. "ಕೇಳಿದ್ರ ಉಷ್ಣ ಆಗಿತ್ತು ಅಂತ ಹೇಳೂಣು. ನೀ ಬಾಯಿ ತೆರಿಬ್ಯಾಡ. ಮದುವಿ ಆದಮ್ಯಾಲೆ ಗುಳಿಗಿ ತಗೊಂಡ್ರ ಯಾರು ಕೇಳ್ತಾರ?"

ಅವರು ಬಂದರು. ಅವಲಕ್ಕಿ, ಚಹಾ ಆಯಿತು. ಆಯಿ ಮೂಲೆಯ ಮಂಚದ ಮೇಲೆ ಕೂತಿದ್ದಳು. ಅವ್ವ ಚೆನ್ನಾಗಿ ಸುಳ್ಳು ಹೇಳಿದಳು, ನನಗಿಂತ ಚೆನ್ನಾಗಿ. ಬೇಸಿಗೆ, ಬಸ್ಸಿನ ಓಡಾಟ, ಉಪವಾಸ, ಎಲ್ಲ ಸೇರಿಸಿದಳು. ಆ ಹೆಂಗಸು ನಂಬಿದರು. ಅವರು ಕೆಟ್ಟವರಲ್ಲ. ನನ್ನ ಕೈ ಹಿಡಿದು, "ನನಗೂ ಹಿಂಗ ಒಮ್ಮೆ ಆಗಿತ್ತವಾ, ಹೆಂಗಸರ ಮೈ. ಈಗ ಆರಾಮದಿ ಹೌದಿಲ್ಲೋ?" ಎಂದು ಕೇಳಿದರು.

ಆ ಕೈ ಬೆಚ್ಚಗಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೂಂ ಎಂದರೆ ಅವರ ಮನೆಯಲ್ಲೂ ನನ್ನ ಮೈಯನ್ನು ಬಚ್ಚಿಡುತ್ತ ಬದುಕಬೇಕು, ಗುಳಿಗೆಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಕು, ಪ್ರತಿ ತಿಂಗಳೂ ಒಂದು ಹೊಸ ನಾಟಕ ಆಡಬೇಕು. ನನಗೆ ಸಾಕಾಗಿತ್ತು.

"ಇಲ್ರಿ ಅತ್ತಿ" ಎಂದೆ. "ನನಗ ಜಡ್ಡು ಐತ್ರಿ. ಪಿಸಿಒಡಿ ಅಂತಾರ. ತಿಂಗಳ ತಿಂಗಳ ಸರಿಯಾಗಿ ಆಗೂದಿಲ್ಲ. ಮುಖದ ಮ್ಯಾಲೆ ಕೂದಲಾ ಬರ್ತಾವ, ತೆಗಸ್ಕೊಂತೇನಿ. ಮಕ್ಕಳಾಗ್ತಾವ ಅಂದಾರ, ತಡಾ ಆಗಬಹುದು ಅಂತನೂ ಅಂದಾರ."

ಅವರು ಕೈ ಬಿಡಲಿಲ್ಲ, ಆದರೆ ಹಿಡಿತ ಸಡಿಲಾಯಿತು. "ಖರೇ ಹೇಳಿದಿ, ಛಲೋ ಮಾಡಿದಿ" ಎಂದರು. "ಒಬ್ಬಾಂವ ಮಗ ನೋಡವಾ ನಮಗ. ಮನ್ಯಾಗ ವಿಚಾರ ಮಾಡ್ತೇವಿ." ಹೋಗುವಾಗ ಹಳದಿ ಸೀರೆ ನೀನೇ ಇಟ್ಟುಕೋ ಎಂದರು. ಆಗಲೇ ನನಗೆ ಗೊತ್ತಾಯಿತು. ಆಮೇಲೆ ಜಾತಕ ಕೂಡುವುದಿಲ್ಲ ಎಂದು ಫೋನು ಬಂತು.

ಅವರು ನನ್ನನ್ನು ಅಪ್ಪಿಕೊಂಡಾರು ಎಂಬ ಆಸೆ ನನಗಿತ್ತು. ಹೇಳುವಾಗಲೇ ಇತ್ತು. ಅದನ್ನು ನೆನೆದರೆ ಉಳಿದೆಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

ಅವತ್ತು ಅವರ ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಅವ್ವ ತಡೆದುಕೊಂಡಳು. "ನಿನ್ನ ಕಾಲ ಮ್ಯಾಲೆ ನೀನಾ ಕಲ್ಲು ಹಾಕ್ಕೊಂಡಿ! ಯಾವಾಕಿ ಹಿಂಗ ಮೈಯಾಗಿನ ಜಡ್ಡು ಬೀಗತಿ ಮುಂದ ಒದರ್ತಾಳ? ನಾಚಿಕಿ ಐತೇನು ನಿನಗ?" ಎಂದು ಕೂಗಿ, ಕಪ್ಪುಗಳನ್ನು ಬಾಚಿಕೊಂಡು ಒಳಗೆ ಹೋದಳು. ಒಳಗೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ನಾನು ಜಗಲಿಯಿಂದ ಒಳಬಂದು ನೆಲಕ್ಕೆ ಕೂತೆ.

ಆಯಿ ಮಂಚದ ಮೇಲಿಂದ ಕರೆದಳು. ಈಗ ಬೈಗುಳದ ಎರಡನೆಯ ಸುತ್ತು ಎಂದುಕೊಂಡು ಹತ್ತಿರ ಹೋದೆ.

"ಏನಂದಿ ಅದಕ್ಕ? ಆ ಜಡ್ಡಿಗೆ?"

ಹೇಳಿದೆ.

"ಅದಕ್ಕ ಮಾರಿ ಮ್ಯಾಲೆ ಕೂದಲಾ ಬರ್ತಾವೇನು? ಹೊರಗ ಆಗೂದೂ ನಿಂದ್ರತೈತೇನು?"

"ಹೂಂ ಆಯಿ."

"ಮೈ ಕೆಟ್ಟು ಬರೂದಾ? ನಡತಿ ಕೆಟ್ಟು ಅಲ್ಲಾ?"

"ನಡತಿಗೂ ಅದಕ್ಕೂ ಏನೂ ಸಂಬಂಧಿಲ್ಲ."

ಆಯಿಗೊಬ್ಬ ತಂಗಿ ಇದ್ದಳೆಂದು ನನಗೆ ಗೊತ್ತಿತ್ತು, ಅದಕ್ಕಿಂತ ಹೆಚ್ಚು ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಆಯಿ ಅವತ್ತು ಮಾತಾಡಿದಳು. ತಂಗಿಯ ಹೆಸರು ಚೆನ್ನವ್ವ. ಮದುವೆಯಾಗಿ ಹೋದವಳು ಅದೇ ಸೀರೆಯಲ್ಲಿ ತಿರುಗಿ ಬಂದಳಂತೆ. ಹೊರಗಾಗುತ್ತಿರಲಿಲ್ಲ, ಗದ್ದದ ಮೇಲೆ ಕೂದಲು. ಗಂಡನ ಮನೆಯವರು ಇವಳು ಹೆಣ್ಣೇ ಅಲ್ಲ ಎಂದರು. ತವರಿನವರು ಏನೋ ಪಾಪ ಮಾಡಿದ್ದಾಳೆ ಎಂದರು. ಅವಳು ಮುದುಕಿಯಾಗುವವರೆಗೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಇದ್ದು, ಅಲ್ಲೇ ಸತ್ತಳು.

"ನಿಮ್ಮಪ್ಪನ ಮದುವ್ಯಾಗ ಅಕಿ ಆರತಿ ಹಿಡಕೊಂಡು ಬಂದಿದ್ಲು" ಎಂದಳು ಆಯಿ. "ನೀ ಮುಟ್ಟಬ್ಯಾಡ, ನನ್ನ ಮಗಗ ಅಪಶಕುನ ಆಗ್ತೈತಿ ಅಂತ ನಾನಾ ಅಂದೆ. ನನ್ನ ಬೆನ್ನಿಗೆ ಬಿದ್ದಾಕಿ. ತಾಟು ಕೆಳಗಿಟ್ಟು ಹೋದ್ಲು."

ನನ್ನ ಕೈಯನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಹಂಗಾರ ನಮ್ಮ ಚೆನ್ನಿದು ಏನೂ ತಪ್ಪಿರಲಿಲ್ಲ?"

ಡಾಕ್ಟರ್ ಮೇಡಂ ನನಗೆ ಹೇಳಿದ್ದ ಮಾತನ್ನು ನಾನು ನನ್ನ ಬಗ್ಗೆ ಒಂದು ದಿನವೂ ನಂಬಿರಲಿಲ್ಲ. ನಾನು ಕಾಣದ ಆ ಹೆಂಗಸಿನ ಬಗ್ಗೆ ಹೇಳುವಾಗ ನನಗೆ ಕಿಂಚಿತ್ತೂ ಸಂದೇಹ ಬರಲಿಲ್ಲ.

"ಏನೂ ಇರಲಿಲ್ಲ ಆಯಿ. ಅಕಿದು ಏನೂ ತಪ್ಪಿರಲಿಲ್ಲ."

ಆಯಿ ದೊಡ್ಡ ಧ್ವನಿ ತೆಗೆದು ಅಳತೊಡಗಿದಳು. ಅವಳು ಹಾಗೆ ಅತ್ತದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವ್ವ ಒದ್ದೆ ಕೈಯಲ್ಲೇ ಒಳಗಿನಿಂದ ಓಡಿಬಂದು ಬಾಗಿಲಲ್ಲಿ ನಿಂತಳು.

"ಯಾರರೆ ಒಬ್ಬರು ಹೇಳಬೇಕಿತ್ತಬೇ ನಮಗ" ಎಂದಳು ಆಯಿ. "ಆವಾಗ ಯಾರರೆ ಒಬ್ಬರು ಬಾಯಿಬಿಟ್ಟು ಹೇಳಬೇಕಿತ್ತು."